ಪೌಡರ್ ಬೇಡದ ಬಟ್ಟೆ ಚೆಂಡು ನಿಜಕ್ಕೂ ಕೊಳೆ ತೆಗೆಯುತ್ತದೆಯೇ?



ಮೆಷಿನ್‌ಗೆ ಈ ಚೆಂಡು ಹಾಕಿ, ಪೌಡರ್ ಮರೆತುಬಿಡಿ ಎನ್ನುವ ಜಾಹೀರಾತು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಪ್ಲಾಸ್ಟಿಕ್ ಚೆಂಡಿನೊಳಗೆ ಬಣ್ಣಬಣ್ಣದ ಸೆರಾಮಿಕ್ ಗುಳಿಗೆಗಳು ಇರುತ್ತವೆ. ಕೆಲವದರಲ್ಲಿ ಆಯಸ್ಕಾಂತ, ಕೆಲವದರಲ್ಲಿ ಮೆಗ್ನೀಸಿಯಂ ಮಣಿಗಳು. ಪಿಜಿ, ಹಾಸ್ಟೆಲ್‌ಗಳಲ್ಲಿ ಇರುವವರಿಗಾಗಿ ಬಕೆಟ್‌ಗೆ ಇಳಿಬಿಟ್ಟು ಚಾರ್ಜರ್‌ಗೆ ಜೋಡಿಸುವ ಅಲ್ಟ್ರಾಸಾನಿಕ್ ಬಿಲ್ಲೆಗಳೂ ಇವೆ. ಎಲ್ಲವೂ ಹೇಳುವುದು ಒಂದೇ ಮಾತು: ರಾಸಾಯನಿಕ ಇಲ್ಲ, ಚರ್ಮಕ್ಕೆ ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು, ದುಡ್ಡೂ ಉಳಿಯುತ್ತದೆ.

ಊರು ಬಿಟ್ಟು ಬಂದು ಸಣ್ಣ ಫ್ಲಾಟಿನಲ್ಲಿ ಸಂಸಾರ ನಡೆಸುವ ನಮಗೆ ಈ ಮಾತು ಬೇಗ ಹಿಡಿಸುತ್ತದೆ. ಚಿಕ್ಕ ಮಗು ಇರುವ ಮನೆಯವರಿಗೆ, ಕೈ ಒಡೆದು ತುರಿಸುವ ಅಮ್ಮಂದಿರಿಗೆ ಇನ್ನೂ ಬೇಗ. ಆದರೂ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇವುಗಳಿಗೆ ದುಡ್ಡು ಹಾಕಬೇಡಿ. ಚೆಂಡು ಹಾಕಿದಾಗ ಹೋಗುವ ಕೊಳೆ ಬರೀ ನೀರಿಗೂ ಹೋಗುತ್ತದೆ. ಬರೀ ನೀರಿಗೆ ಹೋಗದ ಕೊಳೆ ಚೆಂಡು ಹಾಕಿದರೂ ಬಟ್ಟೆಯಲ್ಲೇ ಉಳಿಯುತ್ತದೆ, ಮತ್ತು ಆರೋಗ್ಯಕ್ಕೆ ಮುಖ್ಯವಾದದ್ದು ಆ ಉಳಿದ ಕೊಳೆಯೇ.

*ಕೊಳೆ ಬಿಡುವುದು ಹೇಗೆ?*

ಬಟ್ಟೆಯ ಕೊಳೆಯಲ್ಲಿ ಮುಖ್ಯವಾಗಿ ಎರಡು ಬಗೆ. ಬೆವರಿನ ಉಪ್ಪು, ಚೆಲ್ಲಿದ ಶರಬತ್ತಿನ ಸಕ್ಕರೆ, ರಸ್ತೆಯ ಧೂಳು ನೀರಿಗೇ ಬಿಡುತ್ತವೆ. ಮೈಯ ಜಿಡ್ಡು, ತಲೆಗೆ ಹಚ್ಚಿದ ಎಣ್ಣೆ, ಒಗ್ಗರಣೆಯ ಎಣ್ಣೆ ಕಲೆ ಹಾಗಲ್ಲ. ಎಣ್ಣೆ ನೀರಿಗೆ ಸೇರುವುದಿಲ್ಲ ಎನ್ನುವುದು ಅಡುಗೆಮನೆಯಲ್ಲೇ ನಮಗೆ ಗೊತ್ತು.

ಸೋಪು ಮತ್ತು ಡಿಟರ್ಜೆಂಟ್ ಕೆಲಸ ಮಾಡುವುದು ಇಲ್ಲೇ. ಅವುಗಳ ಪ್ರತಿ ಅಣುವಿಗೂ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ಜಿಡ್ಡನ್ನು ಸುತ್ತುಗಟ್ಟಿ ಸಣ್ಣ ಸಣ್ಣ ಉಂಡೆ ಮಾಡಿ ನೀರಿನೊಂದಿಗೆ ಹೊರಗೆ ಸಾಗಿಸುತ್ತವೆ. ಎಬ್ಬಿಸಿದ ಕೊಳೆ ಮತ್ತೆ ಬಟ್ಟೆಗೆ ಅಂಟದಂತೆ ತಡೆಯುವುದೂ ಅವುಗಳ ಕೆಲಸ.

ಜರ್ಮನಿಯ ಹೆಂಕೆಲ್ ಕಂಪನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನು ಸರಳವಾಗಿ ಹೇಳಿದರು. ಒಗೆತಕ್ಕೆ ನಾಲ್ಕು ಬಲ ಬೇಕು: ರಾಸಾಯನಿಕ, ಉಜ್ಜಾಟ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಚೆಂಡು ಮಾರುವವರು ಮೊದಲನೆಯದನ್ನು ತೆಗೆದುಹಾಕುತ್ತಾರೆ, ಉಳಿದ ಮೂರರಲ್ಲಿ ಯಾವುದನ್ನೂ ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ.

*ಚೆಂಡಿನೊಳಗೆ ಏನಿದೆ?*

ಸೆರಾಮಿಕ್ ಗುಳಿಗೆ ಎಂದರೆ ಸುಟ್ಟ ಮಣ್ಣು. ಅದು ಋಣ ಅಯಾನು ಬಿಟ್ಟು ನೀರಿನ ಗುಣವನ್ನೇ ಬದಲಿಸುತ್ತದೆ ಎನ್ನುತ್ತಾರೆ. ಆದರೆ ಜಿಡ್ಡನ್ನು ಹಿಡಿಯುವ ಎರಡು ತುದಿಯ ಅಣು ಅದರಲ್ಲಿ ಇಲ್ಲ. ಆಯಸ್ಕಾಂತಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಮೆಗ್ನೀಸಿಯಂ ಮಣಿಗಳು ಮಾತ್ರ ನೀರಿನ ಜೊತೆ ನಿಧಾನವಾಗಿ ವರ್ತಿಸಿ ನೀರನ್ನು ಸ್ವಲ್ಪ ಕ್ಷಾರ ಮಾಡುತ್ತವೆ. ಅಷ್ಟು ಕ್ಷಾರದಿಂದ ಎಣ್ಣೆ ಕಲೆ ಬಿಡುವುದಿಲ್ಲ.

ಅಲ್ಟ್ರಾಸಾನಿಕ್ ಎನ್ನುವುದು ನಿಜವಾದ ತಂತ್ರಜ್ಞಾನ. ಕನ್ನಡಕದ ಅಂಗಡಿಯಲ್ಲಿ, ದಂತವೈದ್ಯರಲ್ಲಿ, ಚಿನಿವಾರರಲ್ಲಿ ಅದನ್ನು ನೋಡಿರುತ್ತೀರಿ. ಆದರೆ ಒಂದು ಲೀಟರಿಗೂ ಕಡಿಮೆ ನೀರು ಹಿಡಿಯುವ ಆ ಪುಟ್ಟ ತೊಟ್ಟಿಗೇ 35ರಿಂದ 50 ವ್ಯಾಟ್ ಶಕ್ತಿ ಬೇಕು. ಮೊಬೈಲ್ ಚಾರ್ಜರ್‌ಗೆ ಜೋಡಿಸುವ ಬಿಲ್ಲೆಗೆ 5 ವೋಲ್ಟ್, 2 ಆಂಪಿಯರ್ ಸಿಕ್ಕರೂ ಒಟ್ಟು 10 ವ್ಯಾಟ್. ಅದರಲ್ಲಿ 10 ಲೀಟರ್ ಬಕೆಟ್ ನೀರನ್ನು ಅಲುಗಿಸಬೇಕು. ಲೋಹ, ಗಾಜಿನಂಥ ಗಟ್ಟಿ ವಸ್ತುವಿನ ಮೇಲೆ ಕೆಲಸ ಮಾಡುವ ಶಬ್ದದ ಅಲೆಯನ್ನು ಮೆತ್ತನೆಯ ಬಟ್ಟೆ ನುಂಗಿಬಿಡುತ್ತದೆ. ಇನ್ನೊಂದು ಮಾತು: ಕನ್ನಡಕದ ಅಂಗಡಿಯವರೂ ಆ ತೊಟ್ಟಿಗೆ ಒಂದೆರಡು ಹನಿ ಸೋಪಿನ ದ್ರವ ಹಾಕಿಯೇ ಬಳಸುತ್ತಾರೆ.

ಈ ವ್ಯಾಪಾರ ಹೊಸದೇನೂ ಅಲ್ಲ. ದ್ರವ ತುಂಬಿದ ಚೆಂಡಿನಿಂದ ಡಿಟರ್ಜೆಂಟ್ ಬೇಕಾಗುವುದಿಲ್ಲ ಎಂದು ಹೇಳಿ ಮಾರುತ್ತಿದ್ದ ಕಂಪನಿಯೊಂದರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1999ರಲ್ಲೇ ಕ್ರಮ ಕೈಗೊಂಡಿತ್ತು. ಮೆಗ್ನೀಸಿಯಂ ಚೀಲ ಮಾರುತ್ತಿದ್ದ ಕಂಪನಿಯೊಂದಕ್ಕೆ 2021ರಲ್ಲಿ ಜಪಾನ್ ಸರಕಾರದ ಗ್ರಾಹಕ ಇಲಾಖೆ, ಹೇಳಿಕೊಂಡ ಪರಿಣಾಮಕ್ಕೆ ಸರಿಯಾದ ಆಧಾರ ಇಲ್ಲ ಎಂದು ಆದೇಶ ಕೊಟ್ಟಿತು. ಹೊರಗೆ ಬಾಗಿಲು ಮುಚ್ಚಿದ ಸರಕು ಹೊಸ ಹೆಸರಿನಲ್ಲಿ ನಮ್ಮ ಮೊಬೈಲ್‌ಗೆ ಬರುತ್ತಿದೆ.

*ಮತ್ತೆ ಬಳಸಿದವರು ಚೆನ್ನಾಗಿದೆ ಎನ್ನುತ್ತಾರಲ್ಲ?*

ಅವರು ಸುಳ್ಳು ಹೇಳುತ್ತಿಲ್ಲ. ದಿನಾ ಬದಲಿಸುವ ಬಟ್ಟೆಗೆ ಹೆಚ್ಚು ಕೊಳೆ ಇರುವುದಿಲ್ಲ. ಮೆಷಿನ್ ನೀರಿನಲ್ಲಿ ತಿರುಗಿಸಿದರೆ ಅದು ಶುಚಿಯಾದಂತೆಯೇ ಕಾಣುತ್ತದೆ. ಎರಡನೆಯದಾಗಿ, ನಾವು ಇಷ್ಟು ದಿನ ಹಾಕಿದ ಪೌಡರ್ ಪೂರ್ತಿ ತೊಳೆದು ಹೋಗದೆ ನೂಲಿನಲ್ಲಿ ಉಳಿದಿರುತ್ತದೆ. ಚೆಂಡಿನ ಜೊತೆ ಒಗೆದ ಮೊದಲ ಕೆಲವು ಸಲ ಅದೇ ಹಳೆಯ ಪೌಡರ್ ಬಿಟ್ಟುಕೊಂಡು ನೊರೆ ಬರುತ್ತದೆ, ಕೊಳೆಯೂ ಹೋಗುತ್ತದೆ. ನೋಡಿದವರು ಚೆಂಡಿಗೆ ಶಹಬ್ಬಾಸ್ ಎನ್ನುತ್ತಾರೆ, ಐದು ಸ್ಟಾರ್ ಕೊಟ್ಟು ಬರೆಯುತ್ತಾರೆ. ಒಂದೆರಡು ತಿಂಗಳ ಮೇಲೆ ಕಾಲರ್ ಹಳದಿ, ಬನಿಯನ್ ಮಾಸಲು, ಟವೆಲ್‌ಗೆ ಮುಗ್ಗಲು ವಾಸನೆ. ಅಷ್ಟರಲ್ಲಿ ವಾಪಸು ಮಾಡುವ ಅವಧಿ ಮುಗಿದಿರುತ್ತದೆ.

*ಆರೋಗ್ಯಕ್ಕೆ ಏನು ತೊಂದರೆ?*

ಅಂಗಿ ಸ್ವಲ್ಪ ಮಾಸಲಾದರೆ ಪ್ರಾಣವೇನೂ ಹೋಗುವುದಿಲ್ಲ. ಆದರೆ ಮೈಯ ಜಿಡ್ಡು, ಉದುರಿದ ಚರ್ಮದ ಪುಡಿ ಬಟ್ಟೆಯಲ್ಲಿ ಉಳಿದರೆ ಅದೇ ಸೂಕ್ಷ್ಮಜೀವಿಗಳಿಗೆ ಊಟ. ಮುಂಬೈ ಮಳೆಗಾಲದಲ್ಲಿ ಮನೆಯೊಳಗೇ ಒಣಗಿಸಿದ ಬಟ್ಟೆಗೆ ಬರುವ ವಾಸನೆ ಗೊತ್ತಲ್ಲ, ಅದಕ್ಕೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ.

ಇದಕ್ಕಿಂತ ಗಂಭೀರವಾದದ್ದು ಹುಳುಕಡ್ಡಿ, ಅಂದರೆ ಗಜಕರ್ಣ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಇದು ಔಷಧಿಗೆ ಸುಲಭವಾಗಿ ಬಗ್ಗದೆ ಮನೆಮಂದಿಗೆಲ್ಲ ಹಬ್ಬುತ್ತಿದೆ. ಟವೆಲ್, ಒಳಉಡುಪು, ಹಾಸಿಗೆ ಬಟ್ಟೆಯಿಂದಲೂ ಅಂಟುತ್ತದೆ. ಅದಕ್ಕೇ ಚರ್ಮವೈದ್ಯರು ಮಾತ್ರೆ, ಮುಲಾಮಿನ ಜೊತೆಗೆ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಎಂದು ಹೇಳುತ್ತಾರೆ. ಕಜ್ಜಿ ಬಂದ ಮನೆಯಲ್ಲೂ ಇದೇ ಮಾತು. ಕಜ್ಜಿಯ ಹುಳ 50 ಡಿಗ್ರಿ ಮೀರಿದ ಬಿಸಿಯಲ್ಲಿ 10 ನಿಮಿಷಕ್ಕೆ ಸಾಯುತ್ತದೆ. ತಣ್ಣೀರಿನಲ್ಲಿ ಚೆಂಡು ಉರುಳಿಸಿದರೆ ಸಾಯುವುದಿಲ್ಲ.

ಪರ ಊರಿನಲ್ಲಿ ಐದಾರು ಹುಡುಗರು ಒಂದೇ ಕೋಣೆಯಲ್ಲಿ, ಒಂದೇ ಹಗ್ಗದ ಮೇಲೆ ಬಟ್ಟೆ ಒಣಗಿಸಿಕೊಂಡು ಇರುತ್ತಾರೆ. ಒಬ್ಬನ ಟವೆಲ್‌ನಿಂದ ಎಲ್ಲರಿಗೂ ತುರಿಕೆ ಹತ್ತುತ್ತದೆ. ನಮ್ಮ ಹೆಣ್ಣುಮಕ್ಕಳು ಎಷ್ಟೋ ಮಂದಿ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ, ಯೂನಿಫಾರಂ ಮನೆಯಲ್ಲೇ ಒಗೆಯುತ್ತಾರೆ. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಬಟ್ಟೆ, ಮಗುವಿನ ಲಂಗೋಟಿ, ಮುಟ್ಟಿನ ಬಟ್ಟೆ ಇವೆಲ್ಲ ಚೆಂಡಿನ ಮೇಲೆ ಭಾರ ಹಾಕಿ ಕೂರುವ ಬಟ್ಟೆಗಳಲ್ಲ.

*ಹಾಗಾದರೆ ಪೌಡರ್ ಬಗ್ಗೆ ಇರುವ ಭಯ ಸುಳ್ಳೇ?*

ಪೂರ್ತಿ ಸುಳ್ಳಲ್ಲ. ಡಿಟರ್ಜೆಂಟ್ ಉಳಿಕೆಯಿಂದ, ಅದರ ಸುವಾಸನೆಯಿಂದ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುವುದು ನಿಜ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು ನಿಜ. ದೆಹಲಿಯವರು ಯಮುನೆಯ ಮೇಲೆ ಬಿಳಿ ನೊರೆಯನ್ನು ಕಣ್ಣಾರೆ ಕಾಣುತ್ತಾರೆ. ಸಂಸ್ಕರಣೆ ಆಗದ ಕೊಳಚೆ ನೀರಿನಲ್ಲಿ ನಮ್ಮ ಬಟ್ಟೆಯ ಪೌಡರ್ ಕೂಡ ಸೇರಿದೆ.

ಆದರೆ ಇದಕ್ಕೆ ಪರಿಹಾರ ಕಡಿಮೆ ಹಾಕುವುದು, ಚೆನ್ನಾಗಿ ಜಾಲಾಡುವುದು. ನೊರೆ ಹೆಚ್ಚಾದಷ್ಟೂ ಶುಚಿ ಎನ್ನುವುದು ತಪ್ಪು ತಿಳಿವಳಿಕೆ. ಅತಿ ನೊರೆಯಲ್ಲಿ ಬಟ್ಟೆ ಬಟ್ಟೆಗೆ ಉಜ್ಜುವುದೇ ಇಲ್ಲ, ಪೌಡರ್ ಕೂಡ ತೊಳೆದು ಹೋಗುವುದಿಲ್ಲ. ಮುಂಬೈಗೆ ಬರುವ ಕೆರೆಯ ನೀರು ಮೆದು, ಅಲ್ಲಿ ಕಡಿಮೆ ಪೌಡರ್ ಸಾಕು. ಚೆನ್ನೈ, ಹೈದರಾಬಾದಿನ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಹಲವು ಕಡೆ ಗಡಸು. ಅಲ್ಲಿ ಸೋಪು ನೊರೆ ಬರದೆ ಬಿಳಿ ಗಸಿಯಾಗುತ್ತದೆ, ಸೋಪಿಗಿಂತ ಡಿಟರ್ಜೆಂಟ್ ವಾಸಿ. ಊರಿನ ಅಳತೆಯನ್ನೇ ಇಲ್ಲಿಗೂ ತಂದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುತ್ತದೆ.

ಅಜ್ಜಿ ಕಾಲದಲ್ಲಿ ಪೌಡರ್ ಎಲ್ಲಿತ್ತು ಎಂದು ಕೆಲವರು ಕೇಳುತ್ತಾರೆ. ಪೌಡರ್ ಇರಲಿಲ್ಲ, ಅಂಟುವಾಳ ಇತ್ತು. ಸೀಗೆಕಾಯಿ, ಚೌಳು ಮಣ್ಣು, ಬೂದಿ ನೀರು ಇತ್ತು. ಅಂಟುವಾಳ, ಸೀಗೆಯಲ್ಲಿ ಸಪೋನಿನ್ ಎಂಬ ಸಹಜ ಸೋಪಿನ ಅಂಶವಿದೆ. ಚೌಳು ಮಣ್ಣು, ಬೂದಿ ಕ್ಷಾರ. ಮಡಿವಾಳರು ಅದರಲ್ಲಿ ಬಟ್ಟೆ ನೆನೆಸಿ, ಉಬ್ಬೆಗೆ ಹಾಕಿ ಬೇಯಿಸಿ, ಕಲ್ಲಿಗೆ ಒಗೆದು, ಬಿಸಿಲಿಗೆ ಹರವುತ್ತಿದ್ದರು. ಸಿನ್ನರ್ ಹೇಳಿದ ನಾಲ್ಕೂ ಬಲ ಅಲ್ಲಿದ್ದವು. ರಾಸಾಯನಿಕವಿಲ್ಲದ ಒಗೆತ ನಮ್ಮ ಹಿರಿಯರೂ ಮಾಡಿದವರಲ್ಲ. ಪೌಡರ್ ಬೇಡವೇ ಬೇಡ ಎನ್ನುವವರು ಅಂಟುವಾಳ ಕುದಿಸಿದ ನೀರು ಬಳಸಿ. ರೇಷ್ಮೆ ಸೀರೆಗೆ, ಉಣ್ಣೆಗೆ ಅದು ಎನ್‌ಜೈಮ್ ಪೌಡರ್‌ಗಿಂತ ಒಳ್ಳೆಯದು, ಯಾಕೆಂದರೆ ರೇಷ್ಮೆ, ಉಣ್ಣೆ ಎರಡೂ ಪ್ರೊಟೀನ್, ಕೆಲವು ಎನ್‌ಜೈಮ್ ಅದನ್ನೇ ತಿನ್ನುತ್ತವೆ. ಹೆಚ್ಚು ಎಣ್ಣೆ ಕಲೆಗೆ ಮಾತ್ರ ಅಂಟುವಾಳ ಸಾಲದು.

*ಇಷ್ಟು ಮಾಡಿ ಸಾಕು*

1. ಪ್ಯಾಕೆಟ್ ಮೇಲಿನ ಅಳತೆ ಮೀರಬೇಡಿ. ಮೆದು ನೀರಿದ್ದರೆ, ಬಟ್ಟೆ ಹೆಚ್ಚು ಕೊಳೆಯಾಗದಿದ್ದರೆ ಇನ್ನೂ ಕಡಿಮೆ ಹಾಕಿ ನೋಡಿ.
2. ಮಗುವಿನ ಬಟ್ಟೆಗೆ, ತುರಿಕೆ ಇರುವವರ ಬಟ್ಟೆಗೆ ಸುವಾಸನೆ ಇಲ್ಲದ ಲಿಕ್ವಿಡ್ ಬಳಸಿ, ಒಂದು ಸಲ ಹೆಚ್ಚಿಗೆ ಜಾಲಾಡಿ.
3. ಟವೆಲ್, ಒಳಉಡುಪು, ಹಾಸಿಗೆ ಬಟ್ಟೆ, ಕಾಯಿಲೆಯವರ ಬಟ್ಟೆಗೆ 60 ಡಿಗ್ರಿ ಬಿಸಿನೀರು.
4. ಮೆಷಿನ್ ತುರುಕಿ ತುಂಬಬೇಡಿ. ಬಟ್ಟೆ ಆಡಲು ಜಾಗ ಬೇಕು.
5. ಬಿಸಿಲು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಫ್ಯಾನ್ ಹಾಕಿ ಪೂರ್ತಿ ಒಣಗಿಸಿಯೇ ಮಡಚಿಡಿ.
6. ಕೈ ಒಡೆಯುವವರು ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ತುರಿಕೆ ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಿ, ಪೌಡರ್ ಬದಲಿಸುತ್ತಾ ಕೂರಬೇಡಿ.

*ಆಗಲೇ ಕೊಂಡಿದ್ದರೆ ಹೀಗೆ ಪರೀಕ್ಷಿಸಿ*

ಹಳೆಯ ಬಿಳಿ ದಿಂಬಿನ ಕವರನ್ನು ಎರಡು ಮೂರು ಸಲ ಬಿಸಿನೀರಿನಲ್ಲಿ ಬರೀ ಜಾಲಾಡಿ ಹಳೆಯ ಪೌಡರ್ ತೆಗೆಯಿರಿ. ಅದನ್ನು ಮೂರು ತುಂಡು ಮಾಡಿ. ಮೂರಕ್ಕೂ ಒಂದೇ ಅಳತೆಯಲ್ಲಿ ಅಡುಗೆ ಎಣ್ಣೆ, ಸಾರು ಹಚ್ಚಿ ಒಂದು ರಾತ್ರಿ ಬಿಡಿ. ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಚೆಂಡು ಹಾಕಿ, ಮೂರನೆಯದನ್ನು ಅರ್ಧ ಅಳತೆ ಪೌಡರ್ ಹಾಕಿ ಒಗೆಯಿರಿ. ಪೌಡರ್ ಹಾಕಿದ್ದನ್ನು ಕೊನೆಯಲ್ಲಿ ಒಗೆಯಿರಿ, ಮೆಷಿನ್‌ನಲ್ಲಿ ಉಳಿದ ಪೌಡರ್ ಉಳಿದೆರಡಕ್ಕೆ ಸೇರಬಾರದು. ಒಣಗಿದ ಮೇಲೆ ಬೆಳಕಿನಲ್ಲಿ ಹಿಡಿದು ನೋಡಿ. ಜಾಹೀರಾತಿನಲ್ಲಿ ಚೆಂಡಿನ ಪಕ್ಕ ಬರೀ ನೀರಿನ ಬಟ್ಟೆ ಯಾಕೆ ತೋರಿಸುವುದಿಲ್ಲ ಎನ್ನುವುದು ಆಗ ಅರ್ಥವಾಗುತ್ತದೆ.

ಮೋಸ ಹೋದೆವು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು, ನೀವು ಯಾವ ಊರಿನಲ್ಲಿದ್ದರೂ ಸರಿ. ಪರಿಸರಸ್ನೇಹಿ ಎಂದು ಆಧಾರವಿಲ್ಲದೆ ಹೇಳಿಕೊಳ್ಳುವುದರ ವಿರುದ್ಧ 2024ರ ಅಕ್ಟೋಬರ್‌ನಿಂದ ಕೇಂದ್ರದ ಮಾರ್ಗಸೂಚಿಯೇ ಇದೆ.

ಮಕ್ಕಳ ಚರ್ಮದ ಬಗ್ಗೆ, ಕೆರೆ ನದಿಗಳ ಬಗ್ಗೆ ನಮಗಿರುವ ಕಾಳಜಿ ಒಳ್ಳೆಯದೇ. ಆ ಕಾಳಜಿಯನ್ನು ಪ್ಲಾಸ್ಟಿಕ್ ಚೆಂಡು ಮಾರುವವರ ಕೈಗೆ ಕೊಡುವುದು ಬೇಡ. ಅಳತೆಯ ಪೌಡರ್, ಸಾಕಷ್ಟು ನೀರು, ಬೇಕಾದಲ್ಲಿ ಬಿಸಿ, ಸಿಕ್ಕಷ್ಟು ಬಿಸಿಲು. ಇದಕ್ಕೆ ಹೊಸ ಸಾಧನ ಏನೂ ಬೇಕಿಲ್ಲ.

ಪಿಜಿಯಲ್ಲಿ, ಹಾಸ್ಟೆಲ್‌ನಲ್ಲಿ ಇರುವ ನಿಮ್ಮ ಮಕ್ಕಳಿಗೂ ಇದನ್ನು ಕಳುಹಿಸಿ. ಎಲ್ಲರೂ ಆರೋಗ್ಯವಾಗಿರಿ.