ಹಿರಿಯರ ಗೊಂದಲಕ್ಕೆ ವಯಸ್ಸೇ ಕಾರಣವೇ? ಸೋಡಿಯಂ ಕೂಡ ಇರಬಹುದು

ನಿನ್ನೆವರೆಗೆ ಚೆನ್ನಾಗಿದ್ದ ಅಜ್ಜಿ ಇವತ್ತು ಏನೇನೋ ಮಾತನಾಡುತ್ತಾರೆ, ನಡೆಯುವಾಗ ತೂರಾಡುತ್ತಾರೆ. ಮನೆಯವರು ‘ಅರಳುಮರಳು’ ಎಂದು ಸುಮ್ಮನಾಗುತ್ತಾರೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ 118! ವೈದ್ಯರಿಗೆ ಇದು ಹೊಸದಲ್ಲ.

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಅದಕ್ಕಿಂತ ಇಳಿದರೆ ಹೈಪೋನಟ್ರೇಮಿಯಾ. ಆಸ್ಪತ್ರೆಗೆ ದಾಖಲಾದವರಲ್ಲಿ ಅತಿ ಹೆಚ್ಚು ಕಾಣುವ ಲವಣಾಂಶದ ಏರುಪೇರು ಇದೇ. ನೂರು ರೋಗಿಗಳಲ್ಲಿ 15ರಿಂದ 30 ಮಂದಿಗೆ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಬಹುತೇಕರಲ್ಲಿ ಇದು ಸೌಮ್ಯ. 125ಕ್ಕಿಂತ ಇಳಿದರೆ ಮಾತ್ರ ಅಪಾಯ ಹೆಚ್ಚು. ಫಿಟ್ಸ್ ಬರಬಹುದು, ಪ್ರಜ್ಞೆಯೂ ತಪ್ಪಬಹುದು.

ಯಾರಿಗೆ ಹೆಚ್ಚು?

ಮೊದಲ ಸಾಲಿನಲ್ಲಿರುವವರು ವಯಸ್ಸಾದವರು, ಅದರಲ್ಲೂ ತೆಳ್ಳಗಿನ ಮಹಿಳೆಯರು. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್‌ನಂತಹ ಮಾತ್ರೆಗಳು ಪ್ರಮುಖ ಕಾರಣ. ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ಎಚ್ಚರ ಬೇಕು. ಖಿನ್ನತೆಯ ಕೆಲವು ಔಷಧಗಳು, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಕೂಡ ಪಟ್ಟಿಯಲ್ಲಿವೆ. ಹೃದಯ, ಯಕೃತ್ತು, ಕಿಡ್ನಿ ದುರ್ಬಲವಾದವರಿಗೂ, ವಾಂತಿ-ಭೇದಿಯಿಂದ ಬಳಲಿದವರಿಗೂ ಅಪಾಯವಿದೆ.

ಗಟ್ಟಿಮುಟ್ಟಾದವರೂ ಹೊರತಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರ ಪೈಕಿ ಶೇ 13ರಷ್ಟು ಮಂದಿಗೆ ಸೋಡಿಯಂ ಕಡಿಮೆಯಿತ್ತು. ಓಡುವಾಗ ಅತಿಯಾಗಿ ನೀರು, ಪಾನೀಯ ಕುಡಿದದ್ದೇ ಮುಖ್ಯ ಕಾರಣವಾಗಿತ್ತು.

ಉಪ್ಪು ತಿಂದರೆ ಸರಿಹೋಗುತ್ತಾ?

ಇಲ್ಲೇ ಎಲ್ಲರೂ ಎಡವುವುದು. ಸೋಡಿಯಂ ಇಳಿದಿದೆ ಎಂದರೆ ಊಟದಲ್ಲಿ ಉಪ್ಪು ಸಾಲದೆಂದಲ್ಲ. ಬಹಳಷ್ಟು ಸಲ ದೇಹದಲ್ಲಿ ನೀರಿನ ಪಾಲು ಹೆಚ್ಚಾಗಿದೆ ಎಂದರ್ಥ. ಹೃದಯ ವೈಫಲ್ಯ ಇರುವವರಿಗೆ ಮನೆಯಲ್ಲೇ ಉಪ್ಪು ಹೆಚ್ಚಿಸಿದರೆ ಊತ, ಉಸಿರಾಟದ ತೊಂದರೆ ಜಾಸ್ತಿಯಾಗುತ್ತದೆ. ಕೆಲವರಿಗೆ ನೀರು ಕಡಿಮೆ ಮಾಡಬೇಕು, ಕೆಲವರಿಗೆ ಸಲೈನ್ ಬೇಕು, ಕೆಲವರಿಗೆ ಮಾತ್ರೆ ಬದಲಿಸಿದರೆ ಸಾಕು. ತುಂಬಾ ದಿನದಿಂದ ಇಳಿದಿರುವ ಸೋಡಿಯಂ ಅನ್ನು ಗಡಿಬಿಡಿಯಲ್ಲಿ ಏರಿಸಿದರೆ ಮಿದುಳಿಗೇ ಪೆಟ್ಟು. ಹಾಗಾಗಿ ವೈದ್ಯರು ದಿನಕ್ಕೆ 8ರಿಂದ 10 ಮಿಲಿಮೋಲ್ ದಾಟದಂತೆ ನೋಡಿಕೊಳ್ಳುತ್ತಾರೆ.

ಊರಲ್ಲಿರುವ ಅಪ್ಪ-ಅಮ್ಮನಿಗೆ ಫೋನ್ ಮಾಡುವಾಗ ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ ಎಂದು ಕೇಳಿ. ಆಮೇಲೆ ವಾಕರಿಕೆ, ತಲೆನೋವು, ಮಂಪರು, ಪದೇ ಪದೇ ಬೀಳುವುದು ಕಂಡರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರ ಬಳಿ ಹೋಗಲು ಹೇಳಿ. ಸೋಡಿಯಂ ಪರೀಕ್ಷೆ ಸಣ್ಣ ರಕ್ತ ಪರೀಕ್ಷೆ. ಅರಳುಮರಳು ಎಂದುಕೊಂಡದ್ದು ವಾಸಿಯಾಗುವ ಕಾಯಿಲೆಯೂ ಆಗಿರಬಹುದು.