ಪೆಟ್ರೋಲಿನ ಬೆಲೆ ಏಕೆ ಇಳಿಯದು?

ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ನಾವು ತೈಲದೇಶಗಳನ್ನು ದೂರುತ್ತೇವೆ. ಕಚ್ಚಾ ತೈಲದ ಬಹುಪಾಲನ್ನು ಹೊರಗಿನಿಂದ ತರಿಸುವವರಿಗೆ ಅದು ಸಹಜವೇ. ಆದರೂ ಅದು ಅರ್ಧಸತ್ಯವೆಂದು ನನ್ನ ಎಣಿಕೆ.

2020ನೆಯ ಇಸವಿಯನ್ನು ನೆನೆಯೋಣ. ಲೋಕವೆಲ್ಲ ಮನೆಯೊಳಗೆ ಕುಳಿತಿದ್ದಾಗ ಕಚ್ಚಾ ತೈಲದ ಬೆಲೆ ಪಾತಾಳಕ್ಕಿಳಿಯಿತು. 2010ರಲ್ಲಿಯೇ ಪೆಟ್ರೋಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿದ್ದ ಕೇಂದ್ರ ಸರ್ಕಾರ, ಮಾರ್ಚಿನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ 10 ರೂಪಾಯಿ ಸುಂಕವೇರಿಸಿತು. ಲೀಟರಿಗೆ ಕೇಂದ್ರದ ಸುಂಕವೇ 32 ರೂಪಾಯಿ 98 ಪೈಸೆಯಾಯಿತು. ಇಳಿಕೆಯ ಲಾಭ ಬೊಕ್ಕಸಕ್ಕೆ ಸಂದಿತು. 2021 ಮತ್ತು 2022ರಲ್ಲಿ ಸುಂಕವನ್ನು ತಗ್ಗಿಸಿದ್ದೂ ಉಂಟು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಲೀಟರಿನ ಬೆಲೆ ನೂರನ್ನು ದಾಟಿತ್ತು. ರಾಜ್ಯವೂ ಹಿಂದುಳಿಯಲಿಲ್ಲ: 2024ರ ಜೂನಿನಲ್ಲಿ ಕರ್ನಾಟಕವು ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು.

ರಸ್ತೆಗೆ, ಶಾಲೆಗೆ ಹಣ ಬೇಕು, ಒಪ್ಪಿದೆ. ಆದರೆ ಆದಾಯ ತೆರಿಗೆ ಸಂಪಾದನೆಯನ್ನು ನೋಡಿ ಕೇಳುತ್ತದೆ, ಪೆಟ್ರೋಲಿನ ತೆರಿಗೆ ಯಾರ ಮುಖವನ್ನೂ ನೋಡದು. ಹಳೆಯ ಸ್ಕೂಟರನ್ನೇರಿ ಪಾಠಶಾಲೆಗೆ ಹೋಗುವ ಉಪಾಧ್ಯಾಯರೂ ದೊಡ್ಡ ಕಾರಿನ ಧನಿಕರೂ ಲೀಟರಿಗೆ ತೆರುವ ಕಪ್ಪ ಒಂದೇ. ಏರಿಕೆಯ ಭಾರ ಹೊರುವ ಪ್ರಜೆಗೆ ಇಳಿಕೆಯ ಲಾಭವೂ ಸಲ್ಲಬೇಡವೆ? ಮೊದಲು, ಪ್ರತಿಯೊಂದು ಬಂಕಿನ ಫಲಕದಲ್ಲಿಯೂ ಎಣ್ಣೆಯ ಬೆಲೆಯೆಷ್ಟು, ತೆರಿಗೆಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಯಲಿ. ಯಾರನ್ನು ದೂರಬೇಕೆಂಬುದು ಆಗ ನಮಗೆ ತಾನಾಗಿಯೇ ತಿಳಿದೀತು.