ಗೃಹಾರೋಗ್ಯ: ನಿರೋಧ್ ಹರಿದಾಗ

ಈ ತಿಂಗಳು ಬಂದ ಕಾಗದಗಳಲ್ಲಿ ಎರಡಕ್ಕೆ ಉತ್ತರ ಹೇಳುವುದರಲ್ಲಿಯೇ ನಮ್ಮ ಪುಟವು ತುಂಬಿಹೋಗುವಂತಿದೆ. ಎರಡರಲ್ಲಿಯೂ ಕೇಳಿರುವ ಸಂಗತಿ ಒಂದೇ. ಎರಡನ್ನೂ ಬರೆದವರು ಬಹಳ ಸಂಕೋಚದಿಂದ ಬರೆದಿದ್ದಾರೆ. ಮೊದಲನೆಯದು ಒಬ್ಬ ಗೃಹಸ್ಥರದು. ಎರಡು ಮಕ್ಕಳ ಸಂಸಾರ. ಮೂರನೆಯದು ಬೇಡವೆಂದು ದಂಪತಿಗಳು ನಿಶ್ಚಯಿಸಿಕೊಂಡು ಕೆಲವು ವರ್ಷಗಳಿಂದ ನಿರೋಧ್, ಅಂದರೆ ಕಾಂಡೋಮನ್ನು, ಬಳಸುತ್ತ ಬಂದಿದ್ದಾರೆ. ಒಂದು ರಾತ್ರಿ ಅದು ಹರಿಯಿತು. ಊರಿನ ಔಷಧದ ಅಂಗಡಿಯವನು ಪರಿಚಿತನಾದುದರಿಂದ ಅಲ್ಲಿಗೆ ಹೋಗಲು ನಾಚಿಕೆ. ಡಾಕ್ಟರ ಮುಂದೆ ಬಾಯಿಬಿಡಲು ಇನ್ನೂ ಹೆಚ್ಚು ನಾಚಿಕೆ. ಅವರ ಪತ್ನಿಯು ಬೇರೆ ಯಾರಿಗೋ ಆದ ಸಂಗತಿಯೆಂಬಂತೆ ನೆರೆಮನೆಯ ಹಿರಿಯಾಕೆಯನ್ನು ವಿಚಾರಿಸಿದಾಗ, ಪರಂಗಿಹಣ್ಣನ್ನೂ ಎಳ್ಳುಬೆಲ್ಲವನ್ನೂ ತಿನ್ನಬೇಕೆಂಬ ಸಲಹೆ ದೊರೆಯಿತಂತೆ. ಹೀಗೆ ಹನ್ನೆರಡು ದಿನ ಕಳೆದು, ಹದಿಮೂರನೆಯ ದಿನ ನಮಗೆ ಕಾಗದ ಬರೆದಿದ್ದಾರೆ.

ಮಾಸಪತ್ರಿಕೆಗೆ ಬರೆದು ಉತ್ತರವನ್ನು ಕಾಯಬಹುದಾದ ವಿಷಯಗಳು ಹಲವುಂಟು. ಮಗುವಿನ ಹಲ್ಲು, ಮುದುಕರ ಮೊಣಕಾಲುನೋವು, ತಲೆಯ ಹೊಟ್ಟು ಮೊದಲಾದುವು ಒಂದು ಸಂಚಿಕೆ ತಡೆದರೂ ಕೆಡುವುದಿಲ್ಲ. ಇದು ಆ ಜಾತಿಗೆ ಸೇರಿದುದಲ್ಲ. ನಿರೋಧ್ ಹರಿದ ಗಳಿಗೆಯಿಂದ ಒಂದು ಎಣಿಕೆ ಆರಂಭವಾಗುತ್ತದೆ. ಅದನ್ನು ಗಂಟೆಗಳಲ್ಲಿ ಎಣಿಸಬೇಕೇ ಹೊರತು ತಿಂಗಳುಗಳಲ್ಲಲ್ಲ. ಆದುದರಿಂದ ಈ ಇಬ್ಬರಿಗೂ ಅಂಚೆಯ ಮೂಲಕ ಬೇರೆಯಾಗಿ ಉತ್ತರ ಹೋಗಿದೆ. ಇಲ್ಲಿ ಬರೆಯುತ್ತಿರುವುದು ಇಂತಹ ರಾತ್ರಿಯನ್ನು ಇನ್ನೂ ಕಾಣದಿರುವ ವಾಚಕರ ಸಲುವಾಗಿ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ಮಾತು ಉಚಿತವೇ ಎಂದು ಕೆಲವರು ಕೇಳಬಹುದು. ಮೈಸೂರು ಸಂಸ್ಥಾನದ ಸರಕಾರವು ೧೯೩೦ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿಸಿದ್ದಿತು. ೧೯೬೮ರಲ್ಲಿ ಭಾರತ ಸರಕಾರವು ನಿರೋಧನ್ನು ಮೂರಕ್ಕೆ ಹದಿನೈದು ಪೈಸೆಯಂತೆ ಸಾಧಾರಣ ಅಂಗಡಿಗಳಲ್ಲಿ ಮಾರಿಸಲಾರಂಭಿಸಿತು. ವಸ್ತುವು ಮನೆಯೊಳಗೆ ಬಂದು ಇಷ್ಟು ಕಾಲವಾದ ಮೇಲೆ, ಅದು ಹರಿದರೆ ಮಾಡುವುದೇನೆಂಬ ಮಾತು ಮಾತ್ರ ಹೊರಗೆ ನಿಲ್ಲಬೇಕೆಂಬುದು ನಮಗೆ ಸರಿತೋರದು.

ಹರಿದುದು ತಿಳಿದೊಡನೆ ಮಾಡಬೇಕಾದುದು ಸ್ವಲ್ಪವೇ. ಅಲ್ಲಿಗೆ ನಿಲ್ಲಿಸಿ, ಹೊರಭಾಗವನ್ನು ಬರಿಯ ನೀರಿನಿಂದ ತೊಳೆದುಕೊಳ್ಳುವುದು. ತುಂಡೇನಾದರೂ ಒಳಗೆ ಉಳಿದಿದ್ದರೆ ಬೆರಳಿನಿಂದ ಮೆಲ್ಲನೆ ತೆಗೆಯುವುದು, ಬಾರದಿದ್ದರೆ ವೈದ್ಯರಿಂದ ತೆಗೆಸುವುದು. ಸೋಪು, ನಿಂಬೆಯ ರಸ, ಕ್ರಿಮಿನಾಶಕ ದ್ರಾವಣ ಮುಂತಾದುವನ್ನು ಒಳಗೆ ಹಾಯಿಸಿ ತೊಳೆಯುವ ಪದ್ಧತಿಯೊಂದು ಕೆಲವರಲ್ಲಿ ಇದೆ. ಇದನ್ನು ಸರ್ವಥಾ ಮಾಡಬಾರದು. ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಗರ್ಭಕೋಶದ ಬಾಯನ್ನು ದಾಟಿರುತ್ತವೆಯಾದುದರಿಂದ ತೊಳೆಯುವುದರಿಂದ ಗರ್ಭವು ನಿಲ್ಲದೆ ಹೋಗುವುದಿಲ್ಲ; ಒಳಚರ್ಮವು ಮಾತ್ರ ಕೆರಳಿ ರೋಗಾಣುಗಳಿಗೆ ಬಾಗಿಲು ತೆರೆದಂತಾಗುವುದು.

ಇನ್ನು ಗರ್ಭದ ವಿಚಾರ. ಇದಕ್ಕೆ ಲಿವೋನಾರ್‌ಜೆಸ್ಟ್ರೆಲ್ ಎಂಬ ಗುಳಿಗೆಯುಂಟು, ೧.೫ ಮಿಲಿಗ್ರಾಮಿನ ಒಂದೇ ಗುಳಿಗೆ. ನಮ್ಮ ದೇಶದಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆಯೇ ಕೊಳ್ಳಬಹುದು. ೭೨ ಗಂಟೆಗಳ ಒಳಗೆ ನುಂಗಬೇಕೆಂಬುದು ನಿಯಮವಾದರೂ ಮೂರನೆಯ ದಿನದವರೆಗೆ ಕಾಯಬಹುದೆಂದು ಅದರ ಅರ್ಥವಲ್ಲ. ಈ ಗುಳಿಗೆಯ ಕೆಲಸವೆಲ್ಲ ಅಂಡವು ಹೊರಬರುವುದನ್ನು ಕೆಲವು ದಿನ ತಡೆಹಿಡಿಯುವುದು. ವೀರ್ಯಾಣುಗಳು ಸ್ತ್ರೀಯ ದೇಹದಲ್ಲಿ ಐದು ದಿನಗಳವರೆಗೆ ಬದುಕಿರಬಲ್ಲುವು. ಅವು ಸಾಯುವವರೆಗೆ ಅಂಡವು ಹೊರಬಾರದಿದ್ದರೆ ಗರ್ಭವಿಲ್ಲ. ಅಂಡವು ಆಗಲೇ ಹೊರಬಂದಿದ್ದರೆ ಗುಳಿಗೆಯಿಂದ ಏನೂ ಪ್ರಯೋಜನವಿಲ್ಲ. ಆದುದರಿಂದಲೇ ಮೊದಲನೆಯ ಬೆಳಗ್ಗೆ ನುಂಗಿದ ಗುಳಿಗೆಗೂ ಮೂರನೆಯ ಸಂಜೆ ನುಂಗಿದ ಗುಳಿಗೆಗೂ ಬಹಳ ಅಂತರ. ನಿಂತಿರುವ ಗರ್ಭವನ್ನು ಇದು ಕೆಡಿಸುವುದಿಲ್ಲ. ಆ ಭಯದಿಂದ ಹಿಂಜರಿಯುವವರು ಹಿಂಜರಿಯಬೇಕಾದುದಿಲ್ಲ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದನ್ನು ನುಂಗಬೇಕು.

ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುತ್ತಿರುವವರಿಗೂ, ಮೂರ್ಛೆರೋಗಕ್ಕೆ ಫೆನಿಟಾಯಿನ್ ಮೊದಲಾದ ಔಷಧಗಳನ್ನು ಸೇವಿಸುತ್ತಿರುವವರಿಗೂ ಈ ಗುಳಿಗೆಯ ಬಲ ಕುಗ್ಗುವುದು. ಬಹು ಸ್ಥೂಲಕಾಯರಲ್ಲಿಯೂ ಹಾಗೆಯೇ. ಅಂಗಡಿಯವನು ಇದನ್ನು ಕೇಳುವುದಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು. ಇಂತಹವರಿಗೂ, ಮುಂದೆ ಕೆಲವು ವರ್ಷ ಮಕ್ಕಳು ಬೇಡವೆನ್ನುವವರಿಗೂ ಇನ್ನೊಂದು ಉಪಾಯವಿದೆ. ನಮ್ಮ ಕಡೆ ವಂಕಿಯೆಂದು ಕರೆಯುವ ಕಾಪರ್-ಟಿಯನ್ನು ಐದು ದಿನಗಳ ಒಳಗೆ ಹಾಕಿಸಿಕೊಂಡರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೇಲ್ಪಟ್ಟು ಗರ್ಭವು ನಿಲ್ಲುವುದಿಲ್ಲ. ಅದೇ ಮುಂದೆಯೂ ಕಾಪಾಡುವುದು. ಗುಳಿಗೆಗಿಂತ ಇದು ಖಚಿತವಾದರೂ ಇದನ್ನು ಕೇಳಿ ಬರುವವರು ಅಪರೂಪ.

ನಮ್ಮ ಪತ್ರಲೇಖಕರಿಗೆ ಈ ಎರಡು ಬಾಗಿಲುಗಳೂ ಮುಚ್ಚಿಹೋಗಿದ್ದುವು. ಪರಂಗಿಹಣ್ಣು ಎಳ್ಳುಗಳನ್ನು ತಿಂದುದರಿಂದ ಅಪಾಯವೇನೂ ಆಗಿಲ್ಲ. ಅವುಗಳನ್ನು ನಂಬಿ ಕಳೆದ ದಿನಗಳೇ ನಷ್ಟ. ಅವರಿಗೆ ಹೇಳಿ ಕಳುಹಿಸಿದುದಿಷ್ಟು: ಮುಟ್ಟು ಒಂದು ವಾರ ತಡೆದರೆ, ಅಥವಾ ಆ ರಾತ್ರಿಯಿಂದ ಇಪ್ಪತ್ತೊಂದು ದಿನ ತುಂಬಿದ ಮೇಲೆ, ಮೂತ್ರಪರೀಕ್ಷೆ ಮಾಡಿ ನೋಡಬೇಕು. ಗರ್ಭವು ನಿಂತಿದ್ದು, ಪತ್ನಿಗೆ ಅದು ಬೇಡವಾಗಿದ್ದರೆ, ೧೯೭೧ರ ವೈದ್ಯಕೀಯ ಗರ್ಭಪಾತದ ಕಾಯಿದೆಯು ನಿಯಂತ್ರಣದ ಸಾಧನ ವಿಫಲವಾದುದನ್ನು ಸಕಾರಣವೆಂದು ಒಪ್ಪಿದೆ. ೨೦೨೧ರ ತಿದ್ದುಪಡಿಯಾದ ಮೇಲೆ ಅವಿವಾಹಿತೆಯರಿಗೂ ಈ ಕಾರಣ ಸಲ್ಲುವುದು. ಇಪ್ಪತ್ತು ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಪ್ರಾಪ್ತವಯಸ್ಕಳಾದ ಸ್ತ್ರೀಯ ಒಪ್ಪಿಗೆಯೊಂದೇ ಬೇಕಾದುದು. ಗಂಡನ ರುಜುವನ್ನು ಕಾನೂನು ಕೇಳುವುದಿಲ್ಲ. ಆದರೆ ಅಂಗಡಿಯಿಂದ ಗುಟ್ಟಾಗಿ ಗರ್ಭಪಾತದ ಮಾತ್ರೆಗಳನ್ನು ತರಿಸಿ ಮನೆಯಲ್ಲಿ ನುಂಗುವ ಸಾಹಸ ಬೇಡ. ಗರ್ಭವು ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತಿದ್ದರೆ ಆ ಮಾತ್ರೆಗಳಿಂದ ಅದು ಹೋಗುವುದಿಲ್ಲ. ನಾಳವು ಒಡೆದು ಪ್ರಾಣಕ್ಕೇ ಬರುವುದು.

ಈ ಗೃಹಸ್ಥರ ಕಾಗದದಲ್ಲಿ ರೋಗದ ಪ್ರಸ್ತಾಪವೇ ಇಲ್ಲ. ಇರಬೇಕಾಗಿಯೂ ಇರಲಿಲ್ಲವೇನೋ, ಪರಸ್ಪರರನ್ನಲ್ಲದೆ ಬೇರೆಯವರನ್ನರಿಯದ, ಇಬ್ಬರೂ ನೀರೋಗಿಗಳಾದ ದಂಪತಿಗಳಿಗೆ ನಿರೋಧ್ ಹರಿದುದರಿಂದ ಹೊಸ ರೋಗವೇನೂ ಬರುವುದಿಲ್ಲ. ಆದರೆ ಎಲ್ಲ ಮನೆಗಳೂ ಹಾಗಿಲ್ಲವೆಂಬುದನ್ನು ವೈದ್ಯರೆಲ್ಲರೂ ಬಲ್ಲರು. ಮದುವೆಗೆ ಮುಂಚಿನ ಸಂಗತಿಗಳು, ಕೆಲಸದ ಮೇಲೆ ಪರಸ್ಥಳದಲ್ಲಿದ್ದಾಗಿನ ಸಂಗತಿಗಳು ಕೆಲವರಿಗೆ ಇರುವುವು. ಅಂತಹವರು ಗರ್ಭದ ಮಾತನ್ನು ಮಾತ್ರ ಎತ್ತಿ ರೋಗದ ಮಾತನ್ನು ನುಂಗಿಕೊಳ್ಳುತ್ತಾರೆ. ಗರ್ಭಕ್ಕಾಗಿ ನುಂಗಿದ ಗುಳಿಗೆಯು ರೋಗವನ್ನು ಲೇಶವೂ ತಡೆಯದು.

ಎಚ್.ಐ.ವಿ.ಯ ಹೆಸರು ಕೇಳಿದೊಡನೆ ಜನರಿಗೆ ಕೈಕಾಲು ಆಡುವುದಿಲ್ಲ. ಚಿಕಿತ್ಸೆಯಿಲ್ಲದ ಸೋಂಕಿತನೊಡನೆ ರಕ್ಷಣೆಯಿಲ್ಲದ ಸಾಧಾರಣ ಸಮಾಗಮವು ಹತ್ತು ಸಾವಿರ ಸಲ ನಡೆದರೆ, ಸ್ತ್ರೀಗೆ ಸೋಂಕು ತಗಲುವುದು ಸುಮಾರು ಎಂಟು ಸಲ. ಸೋಂಕಿತಳಿಂದ ಪುರುಷನಿಗೆ ಸುಮಾರು ನಾಲ್ಕು ಸಲ. ಗುದಮಾರ್ಗದ ಸಮಾಗಮದಲ್ಲಿ ಸ್ವೀಕರಿಸುವವರಿಗೆ ಇದು ನೂರ ಮೂವತ್ತೆಂಟಕ್ಕೆ ಏರುವುದು. ಗುಹ್ಯಭಾಗದಲ್ಲಿ ಹುಣ್ಣಿದ್ದರೆ ಅಪಾಯವು ಇನ್ನೂ ಹೆಚ್ಚು. ಅಂದಮೇಲೆ ಒಂದು ಸಲ ಹರಿದ ಮಾತ್ರಕ್ಕೆ ರೋಗವು ಬಂದೇಬಿಟ್ಟಿತೆಂದು ಎದೆಗುಂದಬೇಕಾಗಿಲ್ಲ. ಅಪಾಯವು ಸ್ವಲ್ಪವೆಂದು ಸುಮ್ಮನಿರುವುದೂ ಸಲ್ಲದು. ಏಕೆಂದರೆ ಆ ಸ್ವಲ್ಪವನ್ನೂ ಇಲ್ಲವೆಂಬಷ್ಟಕ್ಕೆ ಇಳಿಸುವ ಔಷಧವಿದೆ. ಅದನ್ನು ಪಿ.ಇ.ಪಿ. ಎನ್ನುವರು. ಸಾಧ್ಯವಾದರೆ ಎರಡು ಗಂಟೆಗಳ ಒಳಗೆ, ಎಷ್ಟು ತಡವಾದರೂ ೭೨ ಗಂಟೆಗಳ ಒಳಗೆ ಆರಂಭಿಸಿ, ೨೮ ದಿನ ಒಂದು ದಿನವೂ ತಪ್ಪದಂತೆ ಸೇವಿಸಬೇಕು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ೭೨ ಗಂಟೆ ಮೀರಿದ ಮೇಲೆ ಇದನ್ನು ಕೊಡುವುದಿಲ್ಲ. ವಿಷಾಣುವು ಅಷ್ಟರಲ್ಲಿ ದೇಹದಲ್ಲಿ ಬೇರೂರಿರುವುದು. ಇದು ಬೇಕೇ ಬೇಡವೇ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಜಿಲ್ಲಾ ಆಸ್ಪತ್ರೆಗಳಲ್ಲಿರುವ ಎ.ಆರ್.ಟಿ. ಕೇಂದ್ರದಲ್ಲಿ ಕೇಳಬಹುದು, ರಾತ್ರಿಯಾಗಿದ್ದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ೧೦೯೭ ಎಂಬ ದೂರವಾಣಿ ಸಂಖ್ಯೆಗೆ ವೆಚ್ಚವಿಲ್ಲದೆ ಮಾತನಾಡಬಹುದು, ಹೆಸರು ಹೇಳಬೇಕಾಗಿಲ್ಲ. ೨೦೧೭ರ ಎಚ್.ಐ.ವಿ. ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕಂಡಕಂಡವರಿಗೆ ಹೇಳುವಂತೆಯೂ ಇಲ್ಲ.

ಜನರು ಎಚ್.ಐ.ವಿ.ಗೆ ಅಂಜಿದಷ್ಟು ಉಳಿದ ರೋಗಗಳಿಗೆ ಅಂಜುವುದಿಲ್ಲ. ತಗಲುವ ವಿಷಯದಲ್ಲಿ ಉಳಿದುವೇ ಮುಂದು. ಗೊನೋರಿಯವು ಒಂದೇ ಸಮಾಗಮದಲ್ಲಿ ಅಂಟುವ ಸಂಭವ ಎಷ್ಟೋ ಪಾಲು ಹೆಚ್ಚು. ಪುರುಷನಿಗಾದರೆ ವಾರದೊಳಗೆ ಉರಿಮೂತ್ರ, ಕೀವು ಕಾಣಿಸಿಕೊಂಡು ಅವನನ್ನು ವೈದ್ಯರಲ್ಲಿಗೆ ಓಡಿಸುವುದು. ಸ್ತ್ರೀಯಲ್ಲಿ ಈ ರೋಗವೂ ಕ್ಲಾಮಿಡಿಯವೂ ಬಹುಮಟ್ಟಿಗೆ ಸದ್ದಿಲ್ಲದೆ ಇರುವುವು, ನೋವಿಲ್ಲ, ಸ್ರಾವವಿಲ್ಲ. ಒಳಗೊಳಗೇ ಗರ್ಭನಾಳಗಳನ್ನು ಕೆಡಿಸಿ, ಮುಂದೆ ಬಂಜೆತನಕ್ಕೂ ನಾಳಗರ್ಭಕ್ಕೂ ಕಾರಣವಾಗುವುವು. ತನಗೆ ಉರಿ ಕಂಡಾಗ ಪತ್ನಿಗೆ ತಿಳಿಸದೆ ತಾನೊಬ್ಬನೇ ಸೂಜಿ ಚುಚ್ಚಿಸಿಕೊಂಡು ಬರುವ ಪುರುಷರುಂಟು. ತನ್ನ ಮಾನವನ್ನು ಉಳಿಸಿಕೊಂಡೆನೆಂದು ಅವನು ತಿಳಿಯುವನು. ಅವಳ ಗರ್ಭಕೋಶವು ಅದಕ್ಕೆ ಬೆಲೆ ತೆರುವುದು. ಕೆಲವು ವಾರಗಳಲ್ಲಿ ರೋಗವು ಅವಳಿಂದ ಅವನಿಗೇ ಹಿಂದಿರುಗುವುದೂ ಉಂಟು. ಚಿಕಿತ್ಸೆಯು ಇಬ್ಬರಿಗೂ ಒಟ್ಟಿಗೆ ನಡೆಯದೆ ಈ ರೋಗಗಳು ಮನೆ ಬಿಡುವುದಿಲ್ಲ.

ಹೆಪಟೈಟಿಸ್-ಬಿ ಎಂಬ ಕಾಮಾಲೆಗೆ ಲಸಿಕೆಯೇ ರಕ್ಷೆ. ಮೊದಲೇ ಹಾಕಿಸಿಕೊಂಡಿಲ್ಲದವರು ಸಂಪರ್ಕವಾದ ಮೇಲೂ ಹಾಕಿಸಿಕೊಳ್ಳಬಹುದು. ಒಂದು ದಿನದೊಳಗಾದರೆ ಉತ್ತಮ, ಹದಿನಾಲ್ಕು ದಿನಗಳ ಒಳಗಾದರೂ ಪ್ರಯೋಜನವುಂಟು. ಈಗಿನ ಕೂಸುಗಳಿಗೆ ಇದನ್ನು ಹಾಕುತ್ತಾರೆ. ಅವುಗಳ ತಂದೆತಾಯಿಗಳಲ್ಲಿ ಅನೇಕರಿಗೆ ಆಗಿರುವುದಿಲ್ಲ.

ಎರಡನೆಯ ಕಾಗದವು ಒಬ್ಬ ಸೋದರಿಯದು. ಪತಿಗೆ ಎಚ್.ಐ.ವಿ. ಇದೆ, ಆಕೆಗೆ ಇಲ್ಲ. ಆರು ವರ್ಷಗಳಿಂದ ಅವರು ಔಷಧವನ್ನು ತಪ್ಪದೆ ಸೇವಿಸುತ್ತಿದ್ದಾರೆ. ಕಳೆದ ರಕ್ತಪರೀಕ್ಷೆಯಲ್ಲಿ ವಿಷಾಣುವು ಎಣಿಕೆಗೆ ಸಿಕ್ಕಿಲ್ಲ. ಅತ್ತೆಮಾವಂದಿರಿಗೆ ಈ ವಿಷಯ ತಿಳಿಯದು. ನಿರೋಧ್ ಹರಿದ ಮರುದಿನವೇ ಬರೆದಿದ್ದರೂ ಕಾಗದವು ನಮ್ಮ ಕೈಸೇರಿದ್ದು ಐದನೆಯ ದಿನ. ಅದೃಷ್ಟವಶಾತ್ ಆಕೆಯ ಸಂದರ್ಭದಲ್ಲಿ ಆ ಐದು ದಿನಗಳಿಂದ ಕೆಟ್ಟುದೇನೂ ಇಲ್ಲ. ಇಂತಹ ದಂಪತಿಗಳನ್ನು ಯೂರೋಪಿನಲ್ಲಿ ವರ್ಷಗಟ್ಟಲೆ ಅನುಸರಿಸಿ ನೋಡಿದ ಪಾರ್ಟ್‌ನರ್ ಎಂಬ ಅಧ್ಯಯನದ ಫಲಿತಾಂಶವು ೨೦೧೬ರಲ್ಲಿ ಹೊರಬಂದಿತು. ನಿರೋಧವಿಲ್ಲದ ಸುಮಾರು ೫೮,೦೦೦ ಸಮಾಗಮಗಳಲ್ಲಿ, ಔಷಧದಿಂದ ವಿಷಾಣುವು ಅಡಗಿರುವ ಸಂಗಾತಿಯಿಂದ ಒಬ್ಬರಿಗೂ ಸೋಂಕು ತಗಲಿರಲಿಲ್ಲ. ಆದುದರಿಂದ ಆಕೆಯು ಹೆದರಬೇಕಾದುದಿಲ್ಲ. ಪತಿಯು ನಡುವೆ ಔಷಧವನ್ನು ಬಿಟ್ಟಿದ್ದರೆ, ಅಥವಾ ಪರೀಕ್ಷೆಯಾಗಿ ಬಹುಕಾಲ ಕಳೆದಿದ್ದರೆ ಮಾತು ಬೇರೆ. ಆಗ ಅದೇ ದಿನ ಎ.ಆರ್.ಟಿ. ಕೇಂದ್ರಕ್ಕೆ ಇಬ್ಬರೂ ಹೋಗತಕ್ಕದ್ದು. ಪತಿಯ ಡಬ್ಬಿಯಿಂದಲೇ ಮಾತ್ರೆಗಳನ್ನು ತೆಗೆದು ನುಂಗಲೇ ಎಂದು ಆಕೆ ಕೇಳಿದ್ದಾರೆ. ಬೇಡ. ಅವರ ದಿನಗಳು ತಪ್ಪಿಹೋಗುವುವು. ಆಕೆಗೆ ತಿಳಿಯದೆ ಹೆಪಟೈಟಿಸ್-ಬಿ ಇದ್ದಲ್ಲಿ ಈ ಔಷಧವನ್ನು ಹಿಡಿದು ಬಿಡುವುದರಿಂದ ಯಕೃತ್ತಿಗೆ ತೊಂದರೆಯಾಗಬಹುದು.

ಸಂಶಯವಿರುವವರು ಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂಬುದನ್ನೂ ತಿಳಿದಿರಬೇಕು. ಮರುದಿನವೇ ರಕ್ತ ಕೊಟ್ಟು, ಸೋಂಕಿಲ್ಲವೆಂದು ಬಂದ ಕಾಗದವನ್ನು ಹಿಡಿದು ಸಂತೋಷಪಡುವವರಿದ್ದಾರೆ. ಆ ಪರೀಕ್ಷೆಯು ಹಿಂದಿನ ಸ್ಥಿತಿಯನ್ನು ಹೇಳುವುದೇ ಹೊರತು ಆ ರಾತ್ರಿಯದನ್ನಲ್ಲ. ಗೊನೋರಿಯ, ಕ್ಲಾಮಿಡಿಯಗಳಿಗೆ ಎರಡು ವಾರಗಳ ಮೇಲೆ, ಎಚ್.ಐ.ವಿ.ಗೂ ಸಿಫಿಲಿಸಿಗೂ ಆರು ವಾರಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಅಲ್ಲಿಯವರೆಗೆ ನಿರೋಧನ್ನು ಬಿಡಬಾರದು; ರಕ್ತದಾನವನ್ನೂ ಮಾಡಬಾರದು. ನಡುವೆ ಹುಣ್ಣು, ಉರಿ, ಕಿಬ್ಬೊಟ್ಟೆಯ ನೋವು, ಜ್ವರ ಕಂಡರೆ ದಿನ ಎಣಿಸುತ್ತ ಕೂಡಬಾರದು. ಸಿಫಿಲಿಸಿನ ಹುಣ್ಣು ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ಮಾಯಿತೆಂದು ನಂಬಿದವರನ್ನು ಅದು ವರ್ಷಗಳ ಮೇಲೆ ಬಂದು ಕಾಡುವುದು.

ಮೊದಲನೆಯ ಪತ್ರಲೇಖಕರು ಕೊನೆಯಲ್ಲಿ, ಇಷ್ಟು ವರ್ಷ ಹರಿಯದುದು ಆ ರಾತ್ರಿ ಏಕೆ ಹರಿಯಿತೆಂದು ಕೇಳಿದ್ದಾರೆ. ಕಾರಣವು ಅವರ ಕಾಗದದಲ್ಲಿಯೇ ಇದೆ: ಒಣಗಿದಂತಿದ್ದುದರಿಂದ ಕೊಬ್ಬರಿ ಎಣ್ಣೆಯನ್ನು ಸವರಿದ್ದರಂತೆ. ನಿರೋಧ್ ರಬ್ಬರು ಹಾಲಿನಿಂದ ಮಾಡಿದುದು. ಕೊಬ್ಬರಿ ಎಣ್ಣೆ, ವ್ಯಾಸಲೀನು, ತುಪ್ಪ, ಯಾವ ಜಿಡ್ಡಾದರೂ ಕೆಲವೇ ನಿಮಿಷಗಳಲ್ಲಿ ಅದನ್ನು ಮೆತ್ತಗೆ ಮಾಡಿ ಹರಿಸುವುದು. ಬೇಕಾದರೆ ನೀರಿನಲ್ಲಿ ಕರಗುವ ಲೇಪನವನ್ನೇ ಉಪಯೋಗಿಸಬೇಕು. ಹಣದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿರುಗಿದುದು, ಅವಧಿ ಮೀರಿದುದು, ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ತೆರೆದುದು, ಇವೂ ಹರಿಯುವುವು. ಇನ್ನು ಮುಂದೆ ಎರಡನ್ನು ಒಂದರ ಮೇಲೊಂದು ಹಾಕಿಕೊಳ್ಳಲೇ ಎಂಬುದು ಅವರ ಕಟ್ಟಕಡೆಯ ಪ್ರಶ್ನೆ. ಬೇಡ, ಒಂದಕ್ಕೊಂದು ಉಜ್ಜಿ ಎರಡೂ ಹರಿಯುವ ಸಂಭವವೇ ಹೆಚ್ಚು.